ರಂಗಮಂದಿರ ಎಲ್ಲರದ್ದಾಗಬೇಕಾದರೆ ಕೋಟಿ ರೂಪಾಯಿ ಬೇಕೇ? ನಾಲ್ಕು ತಪ್ಪು ಕಲ್ಪನೆಗಳು

ನಾಟಕದ ಮನೆ ಪರಿಸರಸ್ನೇಹಿ ಆಗಿರಬೇಕು, ಅಂಗವಿಕಲರಿಗೂ ಬಡವರಿಗೂ ಅಲ್ಲಿ ಜಾಗ ಇರಬೇಕು ಎಂದರೆ ಥಟ್ಟನೆ ಬರುವ ಉತ್ತರ ಒಂದೇ: "ಅದೆಲ್ಲ ವಿದೇಶದಲ್ಲಿ ಸರಿ. ಇಲ್ಲಿ ಹಾಲ್ ಬಾಡಿಗೆ ಕಟ್ಟುವುದೇ ಕಷ್ಟ." ಈ ಮಾತಿನಲ್ಲಿ ನಿಜ ಎಷ್ಟು? ನೋಡೋಣ.

ತಪ್ಪು ಕಲ್ಪನೆ 1: ನಾಟಕದಿಂದ ಪರಿಸರಕ್ಕೆ ಏನೂ ಹಾನಿಯಿಲ್ಲ

ಎರಡು ಮೂರು ಪ್ರದರ್ಶನಕ್ಕೆಂದು ಪ್ಲೈವುಡ್, ಥರ್ಮಾಕೋಲ್, ಫ್ಲೆಕ್ಸ್ ಬಳಸಿ ಸೆಟ್ ಕಟ್ಟುತ್ತಾರೆ. ನಾಟಕ ಮುಗಿದ ಮೇಲೆ ಅದು ಬಹುಪಾಲು ಕಸಕ್ಕೇ ಹೋಗುತ್ತದೆ. ಥರ್ಮಾಕೋಲ್ ಒಂದು ಬಗೆಯ ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವುದಿಲ್ಲ.

ಇನ್ನು ದೀಪಗಳು. ಹಳೆಯ ಹ್ಯಾಲೊಜೆನ್ ದೀಪಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಬೆಳಕಾಗುವುದಿಲ್ಲ, ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಎಸಿ ಮತ್ತಷ್ಟು ಕರೆಂಟ್ ತಿನ್ನುತ್ತದೆ. ಎಲ್‌ಇಡಿ ಹಾಕಿದರೆ ಎರಡೂ ಕಡೆ ಉಳಿತಾಯ. ಕೊಳ್ಳುವಾಗ ಅದರ ಬೆಲೆ ಜಾಸ್ತಿ ಎಂಬುದು ನಿಜ. ಆದರೆ ಕರೆಂಟ್ ಬಿಲ್ಲಿನಲ್ಲೂ ಬಲ್ಬ್ ಬದಲಿಸುವ ಖರ್ಚಿನಲ್ಲೂ ಆ ಹಣ ನಿಧಾನವಾಗಿ ವಾಪಸ್ ಬರುತ್ತದೆ.

ಹಲವರು ಗಮನಿಸದ ಇನ್ನೊಂದು ಸಂಗತಿ ಪ್ರೇಕ್ಷಕರ ಪ್ರಯಾಣ. ಒಂದು ಪ್ರದರ್ಶನದ ಇಂಗಾಲದ ಲೆಕ್ಕದಲ್ಲಿ ಜನ ಬಂದುಹೋಗುವ ಕಾರು, ಬೈಕುಗಳ ಹೊಗೆಯದ್ದೇ ಅನೇಕ ಸಲ ದೊಡ್ಡ ಪಾಲು.

ತಪ್ಪು ಕಲ್ಪನೆ 2: ಇದು ವಿದೇಶಿ ಶೋಕಿ

ಬ್ರಿಟನ್ನಿನ ರಂಗಕರ್ಮಿಗಳು 2021ರಲ್ಲಿ 'ಥಿಯೇಟರ್ ಗ್ರೀನ್ ಬುಕ್' ಎಂಬ ಕೈಪಿಡಿ ಹೊರತಂದರು. ಆಗ ಅದರ ಮೊದಲ ಹಂತದ ಗುರಿ ಇದಾಗಿತ್ತು: ನಾಟಕಕ್ಕೆ ಬಳಸುವ ಸಾಮಗ್ರಿಯಲ್ಲಿ ಶೇ 50ರಷ್ಟು ಹಳೆಯದೋ ಮರುಬಳಕೆಯದೋ ಆಗಿರಬೇಕು, ಶೇ 65ರಷ್ಟು ಮುಂದೆ ಮತ್ತೆ ಬಳಕೆಗೆ ಬರಬೇಕು.

ಇದು ನಮಗೇನು ಹೊಸದು? ನಮ್ಮ ವೃತ್ತಿನಾಟಕ ಕಂಪನಿಗಳು ಅರಮನೆ, ಕಾಡು, ಬೀದಿಯ ಪರದೆ ಬರೆಸಿಟ್ಟುಕೊಂಡು ಅವುಗಳಲ್ಲೇ ಹತ್ತಾರು ನಾಟಕ ಆಡುತ್ತಿದ್ದವು. ಯಕ್ಷಗಾನ ಮೇಳದ ವೇಷಭೂಷಣ ಒಂದು ರಾತ್ರಿಗೆಂದು ಮಾಡಿಸಿದ್ದಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಶುರುಮಾಡಿದ 'ತಿರುಗಾಟ' ನಾಟಕವನ್ನೇ ಊರೂರಿಗೆ ಒಯ್ಯುತ್ತದೆ. ಊರಿಂದೂರಿಗೆ ಹೊರುವ ಸೆಟ್ ಹಗುರವಾಗಿಯೇ ಇರಬೇಕು, ಮತ್ತೆ ಮತ್ತೆ ಬಳಸುವಂತಿರಬೇಕು. ನೂರಾರು ಜನ ದೂರ ಪ್ರಯಾಣ ಮಾಡುವುದೂ ತಪ್ಪುತ್ತದೆ. ಪೇಟೆಗೆ ಹೋಗಲಾಗದವರಿಗೂ ಒಳ್ಳೆಯ ನಾಟಕ ಸಿಗುತ್ತದೆ.

ತಪ್ಪು ಕಲ್ಪನೆ 3: ಒಂದು ರ‍್ಯಾಂಪ್ ಹಾಕಿದರೆ ಮುಗಿಯಿತು

2011ರ ಜನಗಣತಿ ಪ್ರಕಾರ ದೇಶದಲ್ಲಿ ಆಗ 2.68 ಕೋಟಿ ಅಂಗವಿಕಲರಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾಂಸ್ಕೃತಿಕ ಬದುಕನ್ನೂ ಅವರ ಹಕ್ಕು ಎಂದೇ ಗುರುತಿಸುತ್ತದೆ. ಅಂದರೆ ಇದು ದಯೆಯ ಪ್ರಶ್ನೆಯಲ್ಲ.

ರ‍್ಯಾಂಪ್‌ಗೂ ಒಂದು ಲೆಕ್ಕವಿದೆ. ಸಾಮಾನ್ಯ ಮಾನದಂಡ 1:12. ಎರಡು ಅಡಿ ಎತ್ತರ ಏರಲು ಕನಿಷ್ಠ 24 ಅಡಿ ಉದ್ದದ ಇಳಿಜಾರು ಬೇಕು. ಹೆಸರಿಗೊಂದು ಕಡಿದಾದ ರ‍್ಯಾಂಪ್ ಹಾಕಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುವ ಅಪಾಯವಿದೆ. ಕಟ್ಟಡ ಕಟ್ಟುವಾಗಲೇ ಇದನ್ನು ಸೇರಿಸಿದರೆ ಖರ್ಚು ಕಡಿಮೆ, ಆಮೇಲೆ ಒಡೆದು ಕಟ್ಟಿದರೆ ಜಾಸ್ತಿ.

ಒಳಗೆ ಬಂದರಷ್ಟೇ ಸಾಲದು. ಗಾಲಿಕುರ್ಚಿ ನಿಲ್ಲಲು ಸಾಲಿನಲ್ಲಿ ಜಾಗ ಬೇಕು, ಶೌಚಾಲಯದ ಬಾಗಿಲು ಅಗಲವಿರಬೇಕು. ಕಿವಿ ಕೇಳದವರಿಗೆ ಸಂಭಾಷಣೆಯ ಬರಹ ಅಥವಾ ಸಂಜ್ಞಾಭಾಷೆ, ಕಣ್ಣು ಕಾಣದವರಿಗೆ ವೇದಿಕೆಯ ಮೇಲಿನ ಚಲನೆಯ ವಿವರಣೆ ಬೇಕು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2018ರಲ್ಲಿ ಸಂಭಾಷಣೆ ತೋರಿಸುವ ಕನ್ನಡಕಗಳನ್ನೇ ತಂದಿತು. ನಮ್ಮಲ್ಲಿ ಅಷ್ಟು ದುಬಾರಿ ಸಾಧನವೇ ಬೇಕೆಂದಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ನಾಟಕ ಚೆನ್ನಾಗಿ ಗೊತ್ತಿರುವ ಒಬ್ಬ ವ್ಯಕ್ತಿ ಇದ್ದರೆ ಸಂಭಾಷಣೆಯನ್ನು ಪರದೆಯ ಮೇಲೆ ತೋರಿಸಬಹುದು. ವಯಸ್ಸಾಗಿ ಕಿವಿ ಮಂದವಾದ ಅಜ್ಜ ಅಜ್ಜಿಯರಿಗೂ ಇದರಿಂದ ಅನುಕೂಲ.

ಮುಖ್ಯವಾಗಿ, ಮೆಟ್ಟಿಲು ಹತ್ತಲಾಗದವರು ಪ್ರೇಕ್ಷಕರಷ್ಟೇ ಅಲ್ಲ, ನಟರೂ ಆಗಿರಬಹುದು. ವೇದಿಕೆಗೂ ಬಣ್ಣದ ಮನೆಗೂ ದಾರಿ ಇದೆಯೇ ಎಂದು ಕೇಳುವವರೇ ಕಡಿಮೆ.

ತಪ್ಪು ಕಲ್ಪನೆ 4: ಬಾಗಿಲು ತೆರೆದಿದ್ದರೆ ಎಲ್ಲರೂ ಬರುತ್ತಾರೆ

ಬಾಗಿಲಲ್ಲಿ ಯಾರೂ ತಡೆಯದಿದ್ದರೂ ಟಿಕೆಟ್ ದರ ತಡೆಯುತ್ತದೆ. ರಾತ್ರಿ ನಾಟಕ ಮುಗಿಯುವ ಹೊತ್ತಿಗೆ ಕೊನೆಯ ಬಸ್ ಹೋಗಿದ್ದರೆ ಸ್ವಂತ ವಾಹನ ಇಲ್ಲದವರು, ಒಬ್ಬರೇ ಬರುವ ಹೆಣ್ಣುಮಕ್ಕಳು ಬರುವುದೇ ಇಲ್ಲ. ಊರಾಚೆ ಸೋಲಾರ್ ಹಾಕಿ ಕಟ್ಟಿದ ರಂಗಮಂದಿರಕ್ಕೆ ಬಸ್ಸೇ ಇಲ್ಲದಿದ್ದರೆ ಪೆಟ್ರೋಲೂ ಸುಡುತ್ತದೆ, ಬಡವರೂ ಹೊರಗುಳಿಯುತ್ತಾರೆ.

ವೇದಿಕೆಯ ಮೇಲೆ ಯಾರ ಬದುಕು ಕಾಣುತ್ತದೆ ಎಂಬುದೂ ಇಷ್ಟೇ ಮುಖ್ಯ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಅವರು ಜೈಲುವಾಸಿಗಳಿಗೆ ನಾಟಕ ಕಲಿಸಿ, ಜೈಲಿನಾಚೆಯ ವೇದಿಕೆಗೂ ಅವರನ್ನು ಕರೆತಂದರು. ಸಮಾಜ ಬದಿಗಿಟ್ಟವರನ್ನು ರಂಗಭೂಮಿ ಒಳಗೆ ಕರೆಯಬಲ್ಲದು ಎಂಬುದಕ್ಕೆ ಇದು ನಮ್ಮ ನೆಲದ್ದೇ ಉದಾಹರಣೆ.

ಹಾಗಾದರೆ ಸತ್ಯವೇನು?

ಪರಿಸರ, ಅಂಗವಿಕಲರಿಗೆ ಅನುಕೂಲ, ಎಲ್ಲರಿಗೂ ಜಾಗ ಇವು ಮೂರು ಬೇರೆ ಬೇರೆ ಖರ್ಚುಗಳಲ್ಲ. ಬಸ್ ಸಿಗುವ ಜಾಗ, ಬಸ್ ಸಿಗುವ ಸಮಯ ಎಂಬ ಒಂದೇ ನಿರ್ಧಾರ ಮೂರಕ್ಕೂ ನೆರವಾಗುತ್ತದೆ. ದೊಡ್ಡ ಕಟ್ಟಡಗಳಲ್ಲಿ ಬದಲಾವಣೆಗೆ ಹಣ ಬೇಕು, ನಿಜ. ಆದರೆ ಸೆಟ್ ಮರುಬಳಕೆ, ಪ್ರದರ್ಶನದ ಸಮಯ, ಪರದೆಯ ಮೇಲಿನ ಬರಹ ಇವಕ್ಕೆ ಬೇಕಿರುವುದು ಮುಂಚಿತವಾಗಿ ಮಾಡುವ ಯೋಚನೆ.

ಮುಂದಿನ ಸಲ ನಾಟಕದ ಪೋಸ್ಟರ್ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಆಯೋಜಕರಿಗೆ ಮೂರು ಪ್ರಶ್ನೆ ಕೇಳಿ: ಗಾಲಿಕುರ್ಚಿ ಒಳಗೆ ಬರುತ್ತದೆಯೇ? ಮುಗಿಯುವ ಹೊತ್ತಿಗೆ ಬಸ್ ಇರುತ್ತದೆಯೇ? ಸೆಟ್ ಆಮೇಲೆ ಎಲ್ಲಿಗೆ ಹೋಗುತ್ತದೆ? ಉತ್ತರ ಸಿಕ್ಕರೆ ಪೋಸ್ಟರ್ ಜೊತೆಗೇ ಅದನ್ನೂ ಫಾರ್ವರ್ಡ್ ಮಾಡಿ. ಬರಲಾಗದು ಎಂದುಕೊಂಡು ಮನೆಯಲ್ಲೇ ಉಳಿದವರಿಗೆ ಅದು ಬೇಕಾದ ಮಾಹಿತಿ.