ಗಾಜಿಗೆ ಕಿವುಡಾದ ಕಾಯ್ದೆ

ಲೋಹಶೋಧಕಕ್ಕೆ ಗಾಜು ತಿಳಿಯದು. ಅದರ ಸುರುಳಿ ಹೊಮ್ಮಿಸುವ ಕಾಂತಕ್ಷೇತ್ರಕ್ಕೆ ಸ್ಪಂದಿಸುವುದು ವಿದ್ಯುತ್ ಹರಿಯಬಲ್ಲ ವಸ್ತು ಮಾತ್ರ. ಆದರೂ ಇಂಗ್ಲೆಂಡಿನಲ್ಲಿ ಹಳೆಯ ಬಾಟಲಿಗಳನ್ನು ಅರಸಿ ಹೊರಡುವ ಕೆಲವು ಹವ್ಯಾಸಿಗಳು ಈ ಯಂತ್ರವನ್ನು ಒಯ್ಯುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಊರ ಕಸ ಸುರಿದ ಗುಂಡಿಗಳಲ್ಲಿ ಬಾಟಲಿಗಳ ಜೊತೆ ಮೊಳೆ, ತಗಡು, ಮುರಿದ ಪಾತ್ರೆಗಳೂ ಹೂತಿವೆ. ಕಬ್ಬಿಣ ಸದ್ದು ಮಾಡಿದಲ್ಲಿ ಗಾಜೂ ಇದ್ದೀತೆಂಬುದು ಅವರ ಲೆಕ್ಕ.

ಹೀಗೆ ಸಿಗುವವುಗಳಲ್ಲಿ ಒಂದನ್ನು ನಾವು ಕಂಡೊಡನೆ ಗುರುತಿಸುತ್ತೇವೆ. ಹೈರಮ್ ಕಾಡ್ 1872ರ ಸುಮಾರಿಗೆ ರೂಪಿಸಿದ, ಕುತ್ತಿಗೆಯಲ್ಲಿ ಗೋಲಿಯಿರುವ ಬಾಟಲಿ ಅದು. ನಮ್ಮ ಗೋಲಿ ಸೋಡಾದ ಮೂಲ. ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು ಮೈಮೇಲೆ ಏಣು ಮೂಡಿಸಿದ ಕಡುನೀಲಿ ವಿಷದ ಬಾಟಲಿಗಳೂ ಸಿಗುತ್ತವೆ. ಇವೆಲ್ಲಕ್ಕಿಂತ ಮನಸ್ಸು ಕಲಕುವುದು ಕೂಸುಗಳಿಗೆ ಹಾಲೂಡಿಸುತ್ತಿದ್ದ ಬಾಟಲಿ. ಸರಿಯಾಗಿ ತೊಳೆಯಲಾಗದ ಅದರ ರಬ್ಬರ್ ಕೊಳವೆ ರೋಗಾಣುಗಳ ಗೂಡಾಗಿತ್ತು. ‘ಕೊಲೆಗಾರ ಬಾಟಲಿ’ ಎಂಬ ಹೆಸರು ಅದಕ್ಕೆ ಸುಮ್ಮನೆ ಅಂಟಲಿಲ್ಲ.

ಗಾಜಿನ ಬೀರುವಿನಲ್ಲಿಟ್ಟರೆ ಅದೊಂದು ಅಲಂಕಾರ. ಗುಂಡಿಯಲ್ಲಿ ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಔಷಧದ ಸೀಸೆಗಳಿದ್ದವು, ಎಂಥ ಪಿಂಗಾಣಿಯ ಚೂರುಗಳಿದ್ದವು ಎಂಬುದು ಗೊತ್ತಾದರೆ ಮಾತ್ರ, ಹೆಸರಿಲ್ಲದ ಸಂಸಾರಗಳ ಬದುಕಿಗೆ ಅದು ಸಾಕ್ಷಿ. ಇಡಿಯಾದ ಬಾಟಲಿಯನ್ನೆತ್ತಿಕೊಂಡು ಉಳಿದುದನ್ನು ಮಣ್ಣಿಗೆ ತಳ್ಳುವವನು ಈ ಸಾಕ್ಷ್ಯವನ್ನು ಅಳಿಸುತ್ತಾನೆ. ಎಲ್ಲರೂ ಹಾಗಲ್ಲ, ಊರೂರಿನ ಸೋಡಾ ತಯಾರಕರ ಚರಿತ್ರೆಯನ್ನು ಶ್ರದ್ಧೆಯಿಂದ ಕಲೆಹಾಕಿದ ಸಂಗ್ರಾಹಕರೂ ಉಂಟು.

ಕಾಯ್ದೆ ಮಾತ್ರ ಆ ಯಂತ್ರದಷ್ಟೇ ಕಿವುಡು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1996ರ ನಿಧಿ ಕಾಯ್ದೆ ಮುಖ್ಯವಾಗಿ 300 ವರ್ಷ ದಾಟಿದ ಚಿನ್ನ, ಬೆಳ್ಳಿಯನ್ನು ಗಮನಿಸಿತು. 2023ರಲ್ಲಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿ, 200 ವರ್ಷ ಮೀರಿದ ಅಸಾಧಾರಣ ಮಹತ್ವದ ವಸ್ತುಗಳನ್ನೂ ಸೇರಿಸಿದರು. ಆದರೆ ಅವುಗಳಲ್ಲಿ ಲೋಹದ ಅಂಶ ಇರಲೇಬೇಕಂತೆ! 1997ರಲ್ಲಿ ಆರಂಭವಾದ ದಾಖಲಾತಿ ಯೋಜನೆಗೆ ಹವ್ಯಾಸಿಗಳು ಸ್ವಇಚ್ಛೆಯಿಂದ ವಿವರ ಕೊಡುತ್ತಾರೆ. ಅಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಆದರೆ ಅದರ ಆಸಕ್ತಿಯೂ ಬಹುಮಟ್ಟಿಗೆ 1700ರ ಹಿಂದಿನದರಲ್ಲಿ. ವಿಪರ್ಯಾಸವೆಂದರೆ, ಇದೇ ಬ್ರಿಟಿಷರು 1878ರಲ್ಲಿ ಭಾರತಕ್ಕೆ ಬರೆದ ನಿಧಿ ಕಾಯ್ದೆಯಲ್ಲಿ ಲೋಹದ ಮಾತೇ ಇಲ್ಲ. ನೆಲದಲ್ಲಡಗಿದ ಬೆಲೆಯುಳ್ಳ ಯಾವುದೇ ವಸ್ತು ನಿಧಿಯೇ. 10 ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕು.

ಅಗೆತವನ್ನೇ ನಿಷೇಧಿಸಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ನಿಷೇಧ ಹೇರಿದರೆ ಹಗಲಿನ ಹವ್ಯಾಸ ರಾತ್ರಿಯ ಕಳ್ಳತನವಾದೀತು. ಜಮೀನಿನ ಒಡೆಯರ ಅನುಮತಿ ಈಗಲೂ ಬೇಕೇ ಬೇಕು. ಆ ಅನುಮತಿಗೆ ಒಂದು ಷರತ್ತು ಸೇರಲಿ: ಪದರಗಳ ಛಾಯಾಚಿತ್ರ ಹಾಗೂ ಒಡಕು ಚೂರುಗಳನ್ನೂ ಒಳಗೊಂಡ ಪಟ್ಟಿ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ತಲುಪಬೇಕು. ಸ್ಥಳೀಯ ಸಂಸ್ಥೆಗಳು ಮೊದಲು ತಮ್ಮದೇ ಜಮೀನಿನ ಹಳೆಯ ಕಸದ ಗುಂಡಿಗಳಲ್ಲಿ ಇದನ್ನು ಜಾರಿಗೆ ತರಬಹುದು. ಅದಕ್ಕೆ ಹೊಸ ಶಾಸನಕ್ಕಾಗಿ ಕಾಯಬೇಕಿಲ್ಲ.