ಹೋಗುವ ಮುನ್ನ ಮರಳುವ ಲೆಕ್ಕ

ಕಳೆದ ಬೇಸಿಗೆಯಲ್ಲಿ ಗೋಕಾಕ ತಾಲ್ಲೂಕಿನ ನನ್ನ ಹುಟ್ಟೂರು ಅಂಕಲಗಿಗೆ ಹೋಗಿದ್ದಾಗ, ನೆರೆಮನೆಯ ರೈತರೊಬ್ಬರು ಕಾಗದಪತ್ರಗಳ ಚೀಲ ಹಿಡಿದು ಬಂದರು. ಅವರ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದಾನೆ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದಲು ಪ್ರವೇಶ ದೊರೆತಿದೆ. ಚೀಲದಲ್ಲಿ ಪ್ರವೇಶಪತ್ರ, 40 ಲಕ್ಷ ರೂಪಾಯಿಯ ಸಾಲದ ಅರ್ಜಿ ಮತ್ತು ನಾಲ್ಕು ಎಕರೆ ಕಬ್ಬಿನ ಹೊಲದ ಉತಾರ ಇದ್ದವು. ಪಹಣಿಯನ್ನು ನಮ್ಮ ಕಡೆ ಇಂದಿಗೂ ಉತಾರ ಎಂದೇ ಕರೆಯುತ್ತಾರೆ. ಬಡ್ಡಿ, ಕಂತುಗಳ ಬಗ್ಗೆ ಕೇಳುತ್ತಾರೆಂದು ನಾನು ಎಣಿಸಿದ್ದೆ. ಅವರು ಕೇಳಿದ್ದು ಬೇರೆಯೇ: ‘ಸಾಹೇಬ್ರ, ಹುಡುಗ ಹೋದ್ರ ಹೊಳ್ಳಿ ಬರ್ತಾನೇನ್ರಿ?’

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ಜನರ ಪ್ರಶ್ನೆಗಳಿಗೆ ಉತ್ತರಿಸುವುದು ರೂಢಿಯಾಗಿರುವ ನನಗೆ ಆ ಕ್ಷಣ ಮಾತು ಹೊರಡಲಿಲ್ಲ. ಏಕೆಂದರೆ 2010ರಲ್ಲಿ ಇದೇ ಓದಿಗೆಂದು ಹೋದ ನನ್ನ ಮಗ ಇನ್ನೂ ಅಲ್ಲಿಯೇ ಇದ್ದಾನೆ. ಎರಡು ವರ್ಷ ಓದಿ, ಐದು ವರ್ಷ ದುಡಿದು ಬರುತ್ತೇನೆಂದು ಹೇಳಿ ಹೋಗಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಅಲ್ಲಿ ನೆಲೆಸುತ್ತೇನೆಂಬ ತೀರ್ಮಾನವನ್ನು ಅವನು ಯಾವ ದಿನವೂ ಕೈಗೊಂಡಂತಿಲ್ಲ. ಆದರೂ ನೆಲೆಸಿದ್ದಾನೆ.

ಈ ವಿಷಯವನ್ನು ನಾವು ಬಹುಕಾಲದಿಂದ ‘ಪ್ರತಿಭಾ ಪಲಾಯನ’ ಎಂಬ ಶೀರ್ಷಿಕೆಯಡಿ ಚರ್ಚಿಸುತ್ತ ಬಂದಿದ್ದೇವೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಬಳಿಕ ಆರಂಭವಾದ ಚರ್ಚೆ ಇದು. ಹೊರದೇಶದಲ್ಲಿ ನೆಲೆಸಿದ ವಿದ್ಯಾವಂತರ ಆದಾಯದ ಮೇಲೆ ತೆರಿಗೆ ವಿಧಿಸಿ ಅದನ್ನು ತಾಯ್ನಾಡಿನ ಅಭಿವೃದ್ಧಿಗೆ ಬಳಸಬೇಕೆಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲೇ ಸೂಚಿಸಿದ್ದರು. ಇನ್ನೊಂದು ಪಕ್ಷದವರು ಹೊರಗಿನಿಂದ ಬರುವ ಹಣವನ್ನು ತೋರಿಸುತ್ತಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಹೀಗೆ ಬಂದದ್ದು ಸುಮಾರು 129 ಶತಕೋಟಿ ಡಾಲರ್. ಎರಡೂ ವಾದಗಳು ಒಂದನ್ನು ಒಪ್ಪಿಕೊಂಡಂತಿವೆ: ಹೋದವನು ತನ್ನಿಚ್ಛೆಯಿಂದಲೇ ಉಳಿಯುತ್ತಾನೆ ಎಂಬುದನ್ನು. ನನ್ನ ತಕರಾರು ಇರುವುದು ಅಲ್ಲಿಯೇ.

ಮೊದಲು ಸಾಲದ ಮಾತು. 40 ಲಕ್ಷ ರೂಪಾಯಿಗೆ ಶೇ 11ರ ಬಡ್ಡಿ ಹಿಡಿದರೆ, ಓದುವ ಕಾಲದ ಬಡ್ಡಿಯನ್ನು ತಂದೆ ಆಗಿಂದಾಗ್ಗೆ ಕಟ್ಟುತ್ತ ಬಂದರೂ, ಹತ್ತು ವರ್ಷದ ಮಾಸಿಕ ಕಂತು ಸುಮಾರು 55 ಸಾವಿರ ರೂಪಾಯಿ. ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿದರೂ ಅದು 45 ಸಾವಿರಕ್ಕೆ ಇಳಿಯುತ್ತದೆ, ಅಷ್ಟೆ. ಓದು ಮುಗಿಸಿ ನೇರ ಊರಿಗೆ ಮರಳುವ ತರುಣನಿಗೆ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ದೊರೆಯುವ ಆರಂಭದ ಸಂಬಳದಲ್ಲಿ ಈ ಕಂತು ಕಟ್ಟಿ ಬದುಕುವುದುಂಟೆ? ಡಾಲರಿನ ಶುಲ್ಕಕ್ಕೆ ಮಾಡಿದ ಸಾಲವನ್ನು ಡಾಲರಿನ ಸಂಬಳವೇ ತೀರಿಸಬೇಕು. ಸಾಲಪತ್ರಕ್ಕೆ ಸಹಿ ಬಿದ್ದ ದಿನವೇ ಮೊದಲ ಕೆಲವು ವರ್ಷಗಳ ತೀರ್ಮಾನ ಆಗಿಹೋಗಿರುತ್ತದೆ.

ಹಳ್ಳಿಯ ಕುಟುಂಬಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. ಸಾಲ ವಸೂಲಿಗೆ ಬ್ಯಾಂಕುಗಳಿಗೆ ಅಧಿಕಾರ ನೀಡುವ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ಹಿತಕ್ಕೆ ಅದು ಸರಿಯಾದ ಕ್ರಮವೇ. ಆದರೆ ಇದರಿಂದಾಗಿ ಶಿಕ್ಷಣ ಸಾಲಕ್ಕೆ ಹೊಲವನ್ನು ಒತ್ತೆಯಾಗಿ ಸ್ವೀಕರಿಸಲು ಬ್ಯಾಂಕುಗಳು ಸಾಮಾನ್ಯವಾಗಿ ಮುಂದಾಗುವುದಿಲ್ಲ. ಪಟ್ಟಣದ ಮನೆಯನ್ನೋ ನಿವೇಶನವನ್ನೋ ಕೇಳುತ್ತವೆ. ಒತ್ತೆಯಿಲ್ಲದೆ ಸಾಲ ನೀಡಲು ಇರುವ ಸರ್ಕಾರಿ ಖಾತರಿ 7.5 ಲಕ್ಷ ರೂಪಾಯಿಗೆ ಮುಗಿಯುತ್ತದೆ. ಆದ್ದರಿಂದ ನಾಲ್ಕು ಎಕರೆ ನೀರಾವರಿ ಇದ್ದವನೂ ಹೆಚ್ಚಿನ ಬಡ್ಡಿಯ ಖಾಸಗಿ ಹಣಕಾಸು ಸಂಸ್ಥೆಗೆ ಹೋಗಬೇಕು, ಇಲ್ಲವೇ ಎಕರೆಯೊಂದನ್ನು ಮಾರಬೇಕು. ಹೊಲ ಮಾರಿ ಕಳುಹಿಸಿದ ಮಗ ಯಾವ ಹೊಲಕ್ಕೆ ಮರಳಬೇಕು?

ಎರಡನೆಯದು ವೀಸಾ ಸರದಿ. ಅಮೆರಿಕದಲ್ಲಿ ಪದವಿ ಪಡೆದವನಿಗೆ ಒಂದು ವರ್ಷ, ವಿಜ್ಞಾನ–ತಂತ್ರಜ್ಞಾನ ಓದಿದ್ದರೆ ಮತ್ತೆರಡು ವರ್ಷ ದುಡಿಯಲು ಅವಕಾಶವಿದೆ. ಆ ಬಳಿಕ ಲಾಟರಿಯಲ್ಲಿ ಹೆಸರು ಬಂದರೆ ಎಚ್-1ಬಿ. ಅಲ್ಲಿಂದ ಮುಂದೆ ಗ್ರೀನ್ ಕಾರ್ಡಿನ ಸಾಲು. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ನೀಡುವುದು ಸುಮಾರು 1.4 ಲಕ್ಷ ಕಾರ್ಡು. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ಹೀಗಾಗಿ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಬೆಳೆದಿದೆ. ನನ್ನ ಮಗನ ಅರ್ಜಿ 2016ರದು. ಸಾಲ ಎಂದೋ ತೀರಿತು. ಈಗ ಬಿಟ್ಟು ಬಂದರೆ ಕಾದ ವರ್ಷಗಳೆಲ್ಲ ವ್ಯರ್ಥವೆಂಬ ಭಾವ. ಅಷ್ಟರಲ್ಲಿ ಮಕ್ಕಳ ಶಾಲೆ, ಮನೆಯ ಕಂತು.

2021ರಲ್ಲಿ ನನ್ನ ಪತ್ನಿ ತೀರಿಕೊಂಡಳು. ಕೋವಿಡ್ ದಿನಗಳು. ಬಂದರೆ ಹಿಂದಿರುಗಿ ಕೆಲಸಕ್ಕೆ ಹಾಜರಾಗುವುದು ಖಾತ್ರಿಯಿರಲಿಲ್ಲ. ಬರಬೇಡವೆಂದು ಹೇಳಿದವನು ನಾನೇ. ಅವನು ತಾಯಿಯ ಮಣ್ಣನ್ನು ಮೊಬೈಲಿನ ಪರದೆಯಲ್ಲಿ ನೋಡಿದ.

ಉಪವಿಭಾಗಾಧಿಕಾರಿಯಾಗಿದ್ದಾಗ, ತಂದೆತಾಯಿಯರ ಪೋಷಣೆ ಕುರಿತ 2007ರ ಕಾಯಿದೆಯಡಿ ಅರ್ಜಿಗಳ ವಿಚಾರಣೆ ನಡೆಸುತ್ತಿದ್ದೆ. ಪಕ್ಕದ ಓಣಿಯಲ್ಲಿದ್ದೂ ಅನ್ನ ಹಾಕದ ಮಕ್ಕಳ ಮೇಲೆ ದೂರುಗಳು ಬರುತ್ತಿದ್ದವು. ವಿದೇಶದಲ್ಲಿರುವ ಮಕ್ಕಳ ತಂದೆತಾಯಿ ಅರ್ಜಿ ಹಿಡಿದು ಬಂದದ್ದು ನೆನಪಿಲ್ಲ. ಅವರಿಗೆ ಹಣ ತಪ್ಪದೆ ಬರುತ್ತಿತ್ತು. ಬಾರದಿದ್ದುದು ಮನುಷ್ಯ, ಅದಕ್ಕೆ ಕಾಯಿದೆಯಲ್ಲಿ ಕಲಮು ಇಲ್ಲ.

ಮೂರನೆಯದು ನಮ್ಮದೇ ಹೊಣೆ. ಇದೇ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, 1920ರ ದಶಕದಲ್ಲಿ ಕೇಂಬ್ರಿಡ್ಜಿಗೆ ತೆರಳಿ, ಗಣಿತದಲ್ಲಿ ರ‍್ಯಾಂಗ್ಲರ್ ಪದವಿ ಪಡೆದರು. ಬಳಿಕ ದೇಶಕ್ಕೆ ಮರಳಿದರು. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದರು. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಧಾರವಾಡದ ಆ ಆವರಣಕ್ಕೆ ಪಾವಟೆನಗರವೆಂದೇ ಹೆಸರು. ನಾನು ಅರ್ಥಶಾಸ್ತ್ರದ ಎಂ.ಎ. ಮಾಡಿದ್ದು ಅಲ್ಲಿಯೇ. ಅವರು ಮರಳಿದ್ದನ್ನು ದೇಶಪ್ರೇಮದ ಕಥೆಯಾಗಿ ನಮ್ಮ ಮಕ್ಕಳಿಗೆ ಹೇಳುತ್ತೇವೆ. ಮರಳಿದಾಗ ಅವರಿಗೆ ಇಲ್ಲಿ ಮಾಡಲು ಕೆಲಸವಿತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ. ಇಂದು ಹೊರಗೆ ಪಿಎಚ್.ಡಿ. ಮುಗಿಸಿ ಬರುವ ಗ್ರಾಮೀಣ ತರುಣನಿಗೆ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು ಏನು ಕೊಡಬಲ್ಲವು? ಕಾಯಂ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿದು, ಅತಿಥಿ ಉಪನ್ಯಾಸಕರಿಂದ ತರಗತಿಗಳು ನಡೆಯುತ್ತಿವೆ. ಕುರ್ಚಿಯನ್ನು ಎತ್ತಿಟ್ಟು, ಬಂದು ಕುಳಿತುಕೊಳ್ಳಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಅತ್ತ ಹೋಗುವ ಬಾಗಿಲುಗಳೂ ಕಿರಿದಾಗುತ್ತಿವೆ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಪದವಿಯ ನಂತರ ಉಳಿಯುವ ಎರಡು ವರ್ಷದ ಅವಧಿಯನ್ನು ಹೆಚ್ಚಿನವರಿಗೆ 18 ತಿಂಗಳಿಗೆ ಇಳಿಸುವುದಾಗಿ ಬ್ರಿಟನ್ 2025ರಲ್ಲಿ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕ ಹೊರಗಿನಿಂದ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಉಳಿಯಲೂ ಆಗದೆ, ಸಾಲದಿಂದಾಗಿ ಮರಳಲೂ ಆಗದೆ ನಡುವೆ ಸಿಲುಕುವವರ ಸಂಖ್ಯೆ ಮುಂದೆ ಹೆಚ್ಚಬಹುದೆಂಬ ಆತಂಕ ನನ್ನದು.

ಹಾಗಾದರೆ ಮಕ್ಕಳನ್ನು ಕಳುಹಿಸಬಾರದೆ? ಖಂಡಿತ ಕಳುಹಿಸಬೇಕು. ಆದರೆ ಪ್ರವೇಶಪತ್ರ ಕೈಸೇರಿದ ದಿನ ಮನೆಯವರೆಲ್ಲ ಕುಳಿತು ಇನ್ನೊಂದು ಲೆಕ್ಕ ಬರೆಯಬೇಕು: ಮೂರು ವರ್ಷದ ಬಳಿಕ ಮಗ ಅಥವಾ ಮಗಳು ಊರಿಗೇ ಮರಳಿದರೆ, ಇಲ್ಲಿನ ಸಂಬಳದಲ್ಲಿ ಈ ಸಾಲ ತೀರೀತೆ? ತೀರದಿದ್ದರೆ ಕಡಿಮೆ ಶುಲ್ಕದ ದೇಶ, ವಿದ್ಯಾರ್ಥಿವೇತನವಿರುವ ವಿಭಾಗ ಹುಡುಕಬೇಕು. ಇಲ್ಲಿ ಎರಡು ವರ್ಷ ದುಡಿದು ಹೋಗುವುದೂ ಒಂದು ದಾರಿ. ಪರಿಶಿಷ್ಟ ವಿದ್ಯಾರ್ಥಿಗಳಿಗೆ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ, ರಾಜ್ಯದ ‘ಪ್ರಬುದ್ಧ’ ಯೋಜನೆಗಳಿವೆ. ಇಂಥ ನೆರವು ಸಣ್ಣ ರೈತರ ಮಕ್ಕಳೆಲ್ಲರಿಗೂ ವಿಸ್ತರಿಸಬೇಕು. ಮರಳಿ ಬಂದು ಇಲ್ಲಿ ದುಡಿಯುವವರ ಕಂತನ್ನು ಅವರ ಇಲ್ಲಿನ ಆದಾಯಕ್ಕೆ ಅನುಗುಣವಾಗಿ ನಿಗದಿಪಡಿಸಿ, ಬಡ್ಡಿಯ ಒಂದು ಪಾಲನ್ನು ಸರ್ಕಾರ ಹೊರಬೇಕು. ವಿಶ್ವವಿದ್ಯಾಲಯಗಳ ಖಾಲಿ ಹುದ್ದೆಗಳನ್ನು ತುಂಬಬೇಕು. ಇಷ್ಟಾದ ಮೇಲೂ ಅಲ್ಲಿಯೇ ಉಳಿಯುವವರು ಉಳಿಯಲಿ. ಅದು ಅವರ ಆಯ್ಕೆ, ಯಾರೂ ಆಕ್ಷೇಪಿಸಬೇಕಿಲ್ಲ.

ಅಂಕಲಗಿಯ ಆ ರೈತರಿಗೆ ಹೊಲ ಮಾರಬೇಡಿ ಎಂದೆ. ಹುಡುಗ ಒಂದು ವರ್ಷ ಪ್ರವೇಶ ಮುಂದೂಡಿ, ಪುಣೆಯಲ್ಲಿ ಕೆಲಸಕ್ಕೆ ಸೇರಿ, ಶುಲ್ಕ ವಿನಾಯಿತಿಗೆ ಬೇರೆ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕುತ್ತಿದ್ದಾನೆ. ಅವನು ಹೋಗುತ್ತಾನೆ, ಹೋಗಲಿ. ಹೊಳ್ಳಿ ಬರುತ್ತಾನೆಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಆ ಉತ್ತರವನ್ನು ಸಾಲದ ಕಂತು ಕೊಡದೆ, ಅವನೇ ಕೊಡುವಂತಾದರೆ ಸಾಕು.