ಪರಿಹಾರದ ಲೆಕ್ಕಕ್ಕೆ ಸಿಗದ ನಷ್ಟ

ವ್ಯಾಪಾರಿಯು ಸರಕು, ಕಟ್ಟಡ ಹಾಗೂ ಉದ್ರಿ ಬಾಕಿಯ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುತ್ತಾನೆ. ಆದರೆ ಬದುಕಿನ ದೊಡ್ಡ ಬದಲಾವಣೆಗಳು ಅವನ ದೇಹದಿಂದ ವಸೂಲು ಮಾಡುವ ಬಾಕಿಗೆ ಯಾವ ಖಾತೆಯೂ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕಗಳನ್ನು ನೀಡಿದರು. ಬಾಳಸಂಗಾತಿಯ ಮರಣಕ್ಕೆ 100 ಅಂಕ. ವ್ಯವಹಾರದ ದೊಡ್ಡ ಮಾರ್ಪಾಡಿಗೆ 39, ಹಣಕಾಸಿನ ಸ್ಥಿತಿಯ ಬದಲಾವಣೆಗೆ 38, ಜೀವನ ಪರಿಸ್ಥಿತಿಯ ಬದಲಾವಣೆಗೆ 25, ವಾಸಸ್ಥಳದ ಬದಲಾವಣೆಗೆ 20. ಸ್ಥಳಾಂತರಗೊಂಡ ವ್ಯಾಪಾರಿಗೆ ಇವು ನಾಲ್ಕೂ ಒಟ್ಟಿಗೇ ಬರುತ್ತವೆ, ಮೊತ್ತ 122. ಅದೇ ವರ್ಷ ಮಗಳು ಮದುವೆಯಾಗಿ ಮನೆ ಬಿಟ್ಟರೆ ಮತ್ತೆ 29. ವರ್ಷದೊಳಗೆ 150 ದಾಟಿದರೆ ಅನಾರೋಗ್ಯದ ಸಂಭವ ಹೆಚ್ಚುತ್ತದೆಂಬುದು ಈ ಪಟ್ಟಿಯ ಎಚ್ಚರಿಕೆ. ಇದು ರೋಗನಿರ್ಣಯವಲ್ಲ, ಕೇವಲ ಅಂದಾಜು. ಆದರೂ ಒಂದು ಸಂಗತಿ ಗಮನಾರ್ಹ: ಶುಭವಾದ ಬದಲಾವಣೆಯೂ ಭಾರವೇ. ಕೈಗೆ ಬಂದ ಪರಿಹಾರದ ಹಣವೂ ಇದಕ್ಕೆ ಹೊರತಲ್ಲ.

ಒತ್ತಡದಲ್ಲಿ ದೇಹವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ಸ್ರವಿಸುತ್ತದೆ. ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಕ್ಷಣಿಕವಾದರೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಮುಂದುವರಿದರೆ ನಿದ್ರೆ ಕೆಟ್ಟು ಹೃದಯ ಬಳಲುತ್ತದೆ.

ಈ ಮಾತು ಬಾಗಲಕೋಟೆಗಷ್ಟೇ ಸೀಮಿತವಲ್ಲ. 2009 ಮತ್ತು 2019ರಲ್ಲಿ ಮಲಪ್ರಭೆಯ ನೆರೆಯು ಬಾದಾಮಿ, ಹುನಗುಂದ ಭಾಗದ ಗ್ರಾಮಗಳನ್ನು ಕಾಡಿತು. ಮನೆಯೊಳಗೇ ಕುಣಿಮಗ್ಗವಿಟ್ಟ ನೇಕಾರನಿಗೆ ನೀರು ನುಗ್ಗಿದರೆ ಮನೆ, ದುಡಿಮೆ ಎರಡೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಇಳಕಲ್ಲಿನಲ್ಲಿ ಕೈಮಗ್ಗ ಬಿಟ್ಟು, ಸಾಲ ಮಾಡಿ, ಬೇರೆ ಕಸುಬಿಗೆ ಇಳಿಯುವವನ ಸ್ಥಿತಿಯೂ ಹೆಚ್ಚು ಭಿನ್ನವಲ್ಲ.

ಈಗ ಮತ್ತೊಂದು ಹಂತ ಎದುರಿಗಿದೆ. ಆಲಮಟ್ಟಿಯ ಜಲಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅನುಮತಿ ನೀಡಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಎಕರೆಗೆ ದರವಿದೆ, ಮೂವತ್ತು ವರ್ಷಗಳ ಖಾಯಂ ಗಿರಾಕಿಗೆ, ಅಕ್ಕಪಕ್ಕದ ಅಂಗಡಿಯವರ ಆಸರೆಗೆ ದರವಿಲ್ಲ. ಕಷ್ಟದಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸುವುದು ಆ ಆಸರೆಯೇ.

ಆದ್ದರಿಂದ ನಮ್ಮ ಸಂಘ-ಸಂಸ್ಥೆಗಳು ಪರಿಹಾರದ ಮೊತ್ತಕ್ಕಾಗಿ ಮಾತ್ರ ಮನವಿ ಸಲ್ಲಿಸಿದರೆ ಸಾಲದು. ಒಂದು ಓಣಿಯ ಅಂಗಡಿಗಳಿಗೆ ಹೊಸ ಸ್ಥಳದಲ್ಲಿಯೂ ಒಂದೇ ಸಾಲಿನಲ್ಲಿ ನಿವೇಶನ ದೊರೆಯಬೇಕೆಂದು ಒತ್ತಾಯಿಸಬೇಕು. ನಾಲ್ಕೂ ಊರುಗಳಲ್ಲಿ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆಯ ಶಿಬಿರಗಳನ್ನು ನಡೆಸಬೇಕು. ವರ್ತಕ ಬಾಂಧವರೂ ಸ್ಥಳಾಂತರದ ವರ್ಷದಲ್ಲಿ ಹೊಸ ಸಾಲ, ಹೊಸ ಕಸುಬು, ಮನೆ ಕಟ್ಟುವ ಕೆಲಸ ಎಲ್ಲವನ್ನೂ ಒಟ್ಟಿಗೆ ಹೊರದೆ, ಒಂದೊಂದಾಗಿ ಕೈಗೊಳ್ಳುವುದು ಲೇಸು. ನಿದ್ರೆ ಬಾರದಿದ್ದರೆ, ಚಿಂತೆ ಬಿಡದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಅದರಲ್ಲಿ ಸಂಕೋಚ ಸಲ್ಲದು.

ಮುಳುಗಿದ ಅಂಗಡಿಯನ್ನು ಮತ್ತೆ ಕಟ್ಟಬಹುದು. ಅದನ್ನು ನಡೆಸುವವನು ಆರೋಗ್ಯವಾಗಿ ಉಳಿದರೆ ಮಾತ್ರ ಆ ಕಟ್ಟಡಕ್ಕೆ ಅರ್ಥ.